ವಿಮಾನದ ಬಾಲದಲ್ಲಿ ಕೂತಿದ್ದ ದೊಡ್ಡಪ್ಪ

ನಾನು ಚಿಕ್ಕವನಿದ್ದಾಗ ಅಕ್ಕನ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಹಾಳು ಮಾಡುವುದರಲ್ಲಿದ್ದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹೇಳದಿದ್ದರೆ ಅಕ್ಕ ಹೇಳುತ್ತಾಳೆ, ಅದೂ ಉಪ್ಪು ಖಾರ ಹಚ್ಚಿ. ಅವಳ ಮೊಮ್ಮಕ್ಕಳಾದ ನೀವು, ನನ್ನ ತಲೆಯಲ್ಲಿ ಇನ್ನೂ ಇಷ್ಟು ಕಪ್ಪು ಕೂದಲಿರುವಾಗಲೇ, ನನ್ನನ್ನು 'ಚಿಕ್ಕತಾತ' ಎನ್ನುತ್ತೀರಿ. ಆ ಶಿಕ್ಷೆ ಸಾಲದೇ?

ಆಗ ನನಗೆ ಹತ್ತು ವರ್ಷ. ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕೆಮ್ಮು, ಬೆಳಗೋಡು ಬಸ್ಸಿನ ಕಂಡಕ್ಟರ್ ಊದುವ ಸೀಟಿ, ಅಪ್ಪನ ಗೊರಕೆ, ಎಲ್ಲವೂ ನನ್ನ ಗಂಟಲಲ್ಲಿದ್ದವು. ನನ್ನ ಸ್ವಂತ ದನಿ ಮಾತ್ರ ಶೀತ ಹಿಡಿದ ಕಪ್ಪೆಯ ಹಾಗಿತ್ತು. ಹಾಗಾಗಿ ಅದನ್ನು ಅಷ್ಟಾಗಿ ಬಳಸುತ್ತಿರಲಿಲ್ಲ.

ನಾನು ಹೆಚ್ಚು ಅಣಕಿಸುತ್ತಿದ್ದುದು ದೊಡ್ಡಪ್ಪನನ್ನು. ಅಪ್ಪನ ಅಣ್ಣನಾದ ಅವರು ವಾಯುಸೇನೆಯಿಂದ ನಿವೃತ್ತರಾಗಿ ಬಂದಿದ್ದರು. ವಿಮಾನದ ಸದ್ದಿಗೆ ಒಂದು ಕಿವಿ ಮಂದವಾಗಿತ್ತು. ಅವರ ಹಳೆಯ ಜೀಪ್ ಹೊರಡಬೇಕಾದರೆ ಒಳಗಿದ್ದವರೆಲ್ಲ ಸರದಿಯಂತೆ ತಮ್ಮ ಸಂಖ್ಯೆ ಕೂಗಬೇಕಿತ್ತು. ಅಪ್ಪ ಒಬ್ಬರೇ ಪಕ್ಕದಲ್ಲಿ ಕೂತಿದ್ದರೂ ಸರಿ, ದೊಡ್ಡಪ್ಪ "ಒಂದು" ಎಂದು ಕೂಗಿ, "ಎರಡು" ಕೇಳುವವರೆಗೆ ಗೇರ್ ಹಾಕುತ್ತಿರಲಿಲ್ಲ. ನಾನು ನಮ್ಮ ಕೋಳಿಗಳನ್ನು ಸಾಲಾಗಿ ನಿಲ್ಲಿಸಿ ಇದನ್ನೇ ಆಡಿ ತೋರಿಸುತ್ತಿದ್ದೆ.

ಪರೀಕ್ಷೆಯ ಮೊದಲ ದಿನ. ಹಿಂದಿನ ವಾರದ ಮಳೆಗೆ ಕಾಫಿ ಹೂ ಬಿಟ್ಟು ಗುಡ್ಡವೆಲ್ಲ ಬೆಳ್ಳಗೆ ಘಮಘಮಿಸುತ್ತಿತ್ತು. ಜೀಪಿನ ನಡುವೆ ಒಣಗಿದ ಕಾಫಿ ಮೂಟೆಗಳನ್ನು ಟಾಪಿನವರೆಗೆ ಪೇರಿಸಿದ್ದರು. ಮುಂದೆ ದೊಡ್ಡಪ್ಪ ಮತ್ತು ಅಪ್ಪ, ಮೂಟೆಗಳ ಹಿಂದೆ ಅಕ್ಕ ಮತ್ತು ನಾನು. ಅವರಿಗೆ ನಾವು ಕಾಣುವಂತಿರಲಿಲ್ಲ.

"ಅಯ್ಯೋ, ಹಾಲ್ ಟಿಕೆಟ್ ದೇವ್ರ ಮುಂದೇನೇ ಬುಟ್ಟೆ ಕಣೋ! ಸ್ವಲ್ಪ ತಡೀರಿ ಅನ್ನು," ಎಂದು ಅಕ್ಕ ಇಳಿದು ಮನೆಯೊಳಗೆ ಓಡಿದಳು.

ಅಷ್ಟರಲ್ಲಿ ಮುಂದಿನಿಂದ "ಒಂದು!", "ಎರಡು!" ಕೇಳಿಸಿತು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! ಅಕ್ಕನ ಮೂಗಿನ ದನಿಯಲ್ಲಿ "ಮೂರು" ಎಂದೆ. ಕಪ್ಪೆಯ ದನಿಯಲ್ಲಿ "ನಾಲ್ಕು" ಎಂದೆ. ನಕ್ಕು, ತಕ್ಷಣ ನಿಜ ಹೇಳಬೇಕೆಂದಿದ್ದೆ. ಜೀಪ್ ಹೊರಟೇಬಿಟ್ಟಿತು. ಎಷ್ಟು ಚೆನ್ನಾಗಿ ನಂಬಿದರಲ್ಲ ಎಂಬ ಹಿಗ್ಗಿನಲ್ಲಿ ಒಂದು ತಿರುವು ಕಳೆಯಿತು, ಬೈಸಿಕೊಳ್ಳುವ ಭಯದಲ್ಲಿ ಇನ್ನೂ ನಾಲ್ಕು.

ಬೆಳಗೋಡಿನ ಗದ್ದೆ ಬಯಲಿಗೆ ಇಳಿದಾಗ ದೊಡ್ಡಪ್ಪ ಮತ್ತೆ ಎಣಿಸಿದರು. ಇಳಿಜಾರು ಮುಗಿದಾಗಲೆಲ್ಲ ಅದು ಅವರ ಕ್ರಮ. ನನ್ನ ಸರದಿ ಬಂತು. ಬಾಯಿ ತೆರೆದೆ. ಅಕ್ಕನ ದನಿ ಬರಲಿಲ್ಲ. ಯಾರ ದನಿಯೂ ಬರಲಿಲ್ಲ.

ಜೀಪ್ ನಿಂತ ರಭಸಕ್ಕೆ ನನ್ನ ಹಣೆ ಮೂಟೆಗೆ ಬಡಿಯಿತು. ಹಿಂದೆ ಬಂದು ನೋಡಿದ ದೊಡ್ಡಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಜೀಪ್ ತಿರುಗಿಸಿದರು. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಹಾಲ್ ಟಿಕೆಟ್ ಹಿಡಿದು ಅಕ್ಕ ರಸ್ತೆಯಲ್ಲಿ ಓಡಿ ಬರುತ್ತಿದ್ದಳು, ಅಳುತ್ತಾ. ಸಕಲೇಶಪುರದ ಶಾಲೆಯ ಗೇಟು ಮುಚ್ಚುತ್ತಿದ್ದಾಗ ಅವಳು ಒಳಗೆ ನುಗ್ಗಿದಳು.

ಅಪ್ಪ ಕಾಫಿ ಮಾರಲು ಹೋದರು. ದೊಡ್ಡಪ್ಪ ನನ್ನನ್ನು ಕಾಂಪೌಂಡಿನ ಹೊರಗೆ ಮರದ ಕೆಳಗೆ ಕೂರಿಸಿಕೊಂಡು, ಅದುವರೆಗೆ ಯಾರಿಗೂ ಹೇಳದ ಕಥೆ ಹೇಳಿದರು. ಎಪ್ಪತ್ತೊಂದರ ಯುದ್ಧದಲ್ಲಿ ಸಾಮಾನು ಸಾಗಿಸುವ ದೊಡ್ಡ ನಾಲ್ಕು ಎಂಜಿನ್ನಿನ ವಿಮಾನವನ್ನೇ ಭಾರೀ ಬಾಂಬರ್ ಮಾಡಿಕೊಂಡಿದ್ದರಂತೆ. ಹಿಂದಿನ ಬಾಗಿಲು ತೆರೆದು ಬಾಂಬುಗಳನ್ನು ಹೊರಗೆ ಉರುಳಿಸುತ್ತಿದ್ದರಂತೆ. ಒಳಗೆ ಆರು ಜನ. ಐವರು ಮುಂದೆ. ಆರನೆಯವರಾದ ದೊಡ್ಡಪ್ಪ ಬಾಲದ ತುದಿಯಲ್ಲಿ ಒಬ್ಬರೇ, ಬಂದೂಕಿನ ಹಿಂದೆ, ಕೊರೆಯುವ ಚಳಿಯಲ್ಲಿ. ಅವರಿದ್ದಾರೆ ಎನ್ನುವುದು ಉಳಿದವರಿಗೆ ಗೊತ್ತಾಗುತ್ತಿದ್ದುದು, ಆಗಾಗ ಸರದಿಯಂತೆ ಎಣಿಸುವಾಗ ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಬರುವ "ಆರು" ಎಂಬ ದನಿಯಿಂದ ಮಾತ್ರ. ಒಮ್ಮೆ ಆಮ್ಲಜನಕದ ನಳಿಗೆ ಕಳಚಿ ಅವರು ಪ್ರಜ್ಞೆ ತಪ್ಪಿದರು. "ಆರು" ಬರಲಿಲ್ಲ. ಒಬ್ಬರು ಕತ್ತಲಲ್ಲಿ ತೆವಳಿಕೊಂಡು ಹಿಂದಕ್ಕೆ ಬಂದು ನಳಿಗೆ ಸಿಕ್ಕಿಸಿದರು.

"ಆರು ಜನ ಹೋದ್ವಿ, ಪ್ರತೀ ಸಲ ಆರು ಜನಾನೇ ಇಳಿದ್ವಿ," ಎನ್ನುವಾಗ ಅವರ ಬೆನ್ನು ನೆಟ್ಟಗಾಯಿತು. "ಅವತ್ತು ನಿನ್ನಂಥೋನು ಯಾವನಾದ್ರೂ ನನ್ನ ದನೀಲಿ 'ಆರು' ಅಂದ್ಬುಟ್ಟಿದ್ರೆ, ಇವತ್ತು ಈ ಜೀಪ್ ಓಡ್ಸೋಕೆ ನಾನು ಇರ್ತಿರ್ಲಿಲ್ಲ ಕಣೋ."

ನಾನು ಅಣಕಿಸುತ್ತಿದ್ದುದು ಎಂಥವರನ್ನು! ನಮ್ಮ ದೊಡ್ಡಪ್ಪ! ಮರುದಿನದಿಂದ ಶಾಲೆಯಲ್ಲಿ ಆ ಕಥೆಯನ್ನು ನಾಲ್ಕೂ ಎಂಜಿನ್ನಿನ ಸದ್ದಿನ ಸಮೇತ ಎಲ್ಲರಿಗೂ ಹೇಳಿದೆ. ಅಕ್ಕ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು.

ನಿಮ್ಮ ಕಾಲದಲ್ಲಿ ಬೆಲ್ಟ್ ಹಾಕದಿದ್ದರೆ ಕಾರೇ ಕಿರುಚುತ್ತದೆ. ಹಿಂದುಳಿದವರು ಫೋನ್ ಮಾಡುತ್ತಾರೆ. ಆದರೂ ಮೊನ್ನೆ ಮಾರನಹಳ್ಳಿಗೆ ಹೊರಟಾಗ ನಾನು ಸ್ಟೀರಿಂಗ್ ಹಿಡಿದು, ದೊಡ್ಡಪ್ಪನ ಗತ್ತಿನಲ್ಲಿ "ಒಂದು!" ಎಂದೆ. ನೀವೆಲ್ಲ ನಕ್ಕಿರಿ. ಆಗ ಹಿಂದಿನ ಸೀಟಿನಿಂದ ನಿಮ್ಮಜ್ಜಿ ಏನೆಂದಳು, ನೆನಪಿದೆಯಲ್ಲ?

"ಸುಮ್ನಿರೋ ಮಾರಾಯ! ನನ್ನ ಬುಟ್ಟು ಹೋದೋನು ನೀನು. ನೀನು ಬರೀ ಓಡ್ಸು, ಎಣಿಸೋಕೆ ನಾನಿದೀನಿ."