ಹಾಲೇಶಣ್ಣನ ಬಣ್ಣದ ಪ್ರೀಆಂಪ್

ಅಜ್ಜಂಪುರದ ಹಾಲೇಶಣ್ಣನ ಸ್ಟುಡಿಯೋದಲ್ಲಿ ‘ಕ್ಲೀನ್ ಸೌಂಡ್’ ಎಂದವರು ಕೆಟ್ಟರು. ಮೈಕಿನ ದನಿಯನ್ನು ಹಿಗ್ಗಿಸುವ ಪ್ರೀಆಂಪ್‌ಗಳಲ್ಲಿ ಅವನು ಒಪ್ಪುವುದು ದನಿಗೆ ಬಣ್ಣ ಕಟ್ಟುವ ತನ್ನ ಹಳೆಯ ವಾಲ್ವ್ ಪೆಟ್ಟಿಗೆಯೊಂದನ್ನೇ; ಬೇರೆ ಯಾವುದನ್ನು ತಂದರೂ ಮೇಜು ಗುದ್ದುತ್ತಾನೆ. ಇವತ್ತು ಸರದಿ, ಹೊಸ ಪೆಟ್ಟಿಗೆ ತಂದ ಕೀಬೋರ್ಡಿನ ತೀರ್ಥೇಶನದು. “ಥೂ! ಇದ್ರಲ್ಲಿ ಸೋಬಾನೆ ಹುಲಿಗೆಮ್ಮ ಕಂಬ್ಳಿ ಹೊದ್ಕೊಂಡು ಹಾಡ್ದಂಗೈತೆ ಕಣಲೇ! ಮೂವತ್ತು ವರ್ಷ ಮೈಕ್‌ಸೆಟ್ ಹಾಕಿ, ಹಾರನ್ ಬುಡದಲ್ಲೇ ಕೂತೋನು ನಾನು. ನನ್ ಕಿವೀಗೆ ಪಾಠ ಹೇಳ್ತೀಯಾ?” ತೀರ್ಥೇಶನಿಗೂ ರೇಗಿತು, ತಿರುಗಿ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದ ಅಡುಗೆಮನೆಯಲ್ಲಿ ಕುಕ್ಕರ್ ಐದನೆಯ ಸಲ ಕೂಗಿತು. ಮೂರು ಕೂಗಿಗೆ ಆರಿಸುತ್ತೇನೆಂದು ಹೇಳಿ ಹೆಂಡತಿಯನ್ನು ಸಂತೆಗೆ ಕಳಿಸಿದ್ದ ಹಾಲೇಶಣ್ಣ ಅತ್ತ ತಿರುಗಲೂ ಇಲ್ಲ; ಒಂದು ಕೂಗೂ ಅವನ ಕಿವಿಗೆ ಬಿದ್ದಂತಿರಲಿಲ್ಲ. ತೀರ್ಥೇಶನ ಸಿಟ್ಟು ಜರ್ರನೆ ಇಳಿಯಿತು. “ನಿಮ್ ಪೆಟ್ಟಿಗೇನೇ ಸರಿ ಅಣ್ಣ” ಎಂದು ಗಟ್ಟಿಯಾಗಿ ಹೇಳಿ, ತಾನೇ ಎದ್ದು ಹೋಗಿ ಒಲೆ ಆರಿಸಿದ.