ನಾಜಲ್ ಊದೋದು ನಿಂತಿದ್ದು ಹಿಂಗೆ

ಧರ್ಮ ಔಷಧಿ ಪಂಪಿನ ತುದೀಲಿರೋ ನಾಜಲ್ ಬಿಚ್ಚಿ, ಬಾಯಿಗಿಟ್ಟು ಊದಿದ. ಎರಡು ಹೆಜ್ಜೆ ಇಟ್ಟ, ಕಾಫಿ ಗಿಡ ಹಿಡ್ಕೊಂಡ, ಹಂಗೇ ಕುಸಿದ್ಬುಟ್ಟ. ಬಾಯಲ್ಲಿ ನೊರೆ. ಕರೆದ್ರೆ ಮಾತಿಲ್ಲ.

ಇದು ತೊಂಬತ್ತೆಂಟನೇ ಇಸ್ವಿ, ಮಳೆ ಬಿಟ್ಟ ಮೇಲಿನ ಮಾತು. ಯಸಳೂರು ಕಡೆ ಒಂದು ಎಸ್ಟೇಟಲ್ಲಿ ನಾವು ನಾಕು ಜನ ಕಾಫಿ ಗಿಡದ ಕಾಂಡ ಕೊರೆಯೋ ಬೋರರ್ ಹುಳಕ್ಕೆ ಔಷಧಿ ಹೊಡೀತಿದ್ವಿ. ನಾಜಲ್ ತೂತು ಕಟ್ಕೊಂಡ್ರೆ ಎಲ್ರೂ ಬಾಯಲ್ಲೇ ಊದೋದು. ಯಾವನಾದ್ರೂ ಕಡ್ಡಿ ಹಾಕಿ ಚುಚ್ತಾ ಕೂತ್ರೆ, "ಏನ್ ಮಾರಾಯ, ಮೂಗುತಿ ಹಾಕ್ತಿದೀಯ?" ಅಂತ ನಾವೇ ನಗಾಡ್ತಿದ್ವಿ. ಬೀಡಿನೂ ಅದೇ ಕೈಲಿ, ರೊಟ್ಟಿನೂ ಅದೇ ಕೈಲಿ.

ಧರ್ಮನ್ನ ಜೀಪಲ್ಲಿ ಹಾಕ್ಕೊಂಡು ಸಕಲೇಶಪುರದ ಆಸ್ಪತ್ರೆಗೆ ಹೋದ್ವಿ. ಡಾಕ್ಟ್ರು ಇಂಜೆಕ್ಷನ್ ಕೊಟ್ಟು, "ಈ ಸಲ ಉಳೀತಾನೆ. ಇನ್ನೊಂದ್ಸಲ ಹಿಂಗಾದ್ರೆ ನಾನು ಏನೂ ಹೇಳಕ್ಕಾಗಲ್ಲ" ಅಂದ್ರು. ಅವ್ನ ಹೆಂಡ್ತಿ ಕಮ್ಲಿ ಅಳ್ಲಿಲ್ಲ. ಅವ್ನ ಕೈ ಮೂಸಿ ನೋಡಿ, "ಯಾರಾದ್ರೂ ಒಂದ್ ಸೋಪು ಕೊಡ್ರಪ್ಪ" ಅಂದ್ಲು.

ಮಾರನೇ ದಿನ ಸ್ಟೋರ್ ಮುಂದೆ, ನಮ್ಮ ಕೆಲ್ಸ ನೋಡ್ಕಳೋ ರೈಟರ್ ಶಿವಣ್ಣ ನಂಗೆ, "ಎತ್ತೋ ಪಂಪು" ಅಂದ.

"ಎತ್ತಲ್ಲ ರೈಟ್ರೇ. ಬದಲಿ ನಾಜಲ್ ಕೊಡಿ. ಕೈಗೆ ಗ್ಲೌಸು, ಸೋಪು, ತೊಳ್ಕಳಕ್ಕೆ ಒಂದ್ ಡ್ರಮ್ ನೀರು. ಆಮೇಲೆ ಎತ್ತೀನಿ" ಅಂದೆ.

"ಓಹೋ, ಮದ್ವೆ ಗಂಡು! ಹಾರ, ಪೇಟನೂ ತರ್ಸಣಾ? ನಿಮ್ಮಪ್ಪನ ಕಾಲ್ದಿಂದ ಊದ್ತಾವ್ರೆ, ಯಾರು ಸತ್ರು?"

"ಹಂಗಾದ್ರೆ ಇವತ್ತು ನೀವೇ ಹೊಡೀರಿ."

"ಕೆಲ್ಸ ಬೇಡ್ವಾ? ಗೇಟು ಅಲ್ಲೈತೆ, ನೋಡ್ಕ."

ಮಿಕ್ಕಿದ್ದ ಇಬ್ರೂ ನೆಲ ನೋಡ್ತಾ ನಿಂತ್ರು. ನಾನಿದ್ದ ಕೂಲಿಯೋರ ಲೈನ್ ಮನೆನೂ ಎಸ್ಟೇಟ್ದೇ. ಕೆಲ್ಸ ಹೋದ್ರೆ ಅವ್ವನ್ನ ಕರ್ಕೊಂಡು ಅವತ್ತೇ ಖಾಲಿ ಮಾಡ್ಬೇಕು. ಆದ್ರೂ ನಾನು ಜಗ್ಗಲಿಲ್ಲ.

ಅಷ್ಟೊತ್ತಿಗೆ ಎಸ್ಟೇಟ್ ಸಾವ್ಕಾರ್ರು ಬಂದ್ರು. ರೈಟರ್ ದೂರು ಹೇಳ್ದ. ನಾನು ಪಂಪಿನ ನಾಜಲ್ ಬಿಚ್ಚಿ ಅವ್ರ ಮುಂದೆ ಹಿಡಿದೆ.

"ತಪ್ಪು ತಿಳ್ಕಬೇಡಿ ಸಾವ್ಕಾರ್ರೇ. ಇದನ್ನ ಒಂದ್ಸಲ ಬಾಯಿಗಿಟ್ಟು ಊದಿ."

ಅವ್ರು ಸಿಟ್ಟಲ್ಲೇ ಇಸ್ಕೊಂಡ್ರು. ಬಾಯಿ ಹತ್ರ ತಂದ್ರು. ಆ ವಾಸ್ನೆಗೆ ಮುಖ ತಿರುಗಿಸ್ಬುಟ್ರು. ನಾಜಲ್ ನನ್ನ ಕೈಗೇ ವಾಪಸ್ ಕೊಟ್ರು.

"ಶಿವಣ್ಣ, ಇವತ್ತು ಔಷಧಿ ಹೊಡೆಯೋದು ಬೇಡ. ಸಕಲೇಶಪುರಕ್ಕೆ ಹೋಗಿ ಇವ್ನು ಕೇಳಿದ್ದೆಲ್ಲಾ ತಗಂಬಾ" ಅಂದ್ರು.

ಅವತ್ತಿಂದ ನಾಜಲ್ ಊದೋದು ನಿಂತೋಯ್ತು. ತೋಟದೊಳಗೇ ನೀರಿನ ಡ್ರಮ್ ಇಟ್ರು. ಕೈ ತೊಳೀದೆ ಯಾರೂ ರೊಟ್ಟಿ ಮುಟ್ಟಂಗಿಲ್ಲ. ಔಷಧಿ ಹೊಡೆಯೋರಿಗೆ ಮಧ್ಯಾಹ್ನದ ಮೇಲೆ ಬೇರೆ ಕೆಲ್ಸ.

ಧರ್ಮ ವಾಸಿ ಆಗಿ ಬಂದ. "ನಂಗೋಸ್ಕರ ಜಗಳ ಆಡಿದ್ಯಂತಲ್ಲೋ?" ಅಂದ.

"ನಿಂಗೋಸ್ಕರ ಏನಲ್ಲ ಕಣೋ. ನೀನು ಬಿದ್ದ ಮೇಲೆ ಮುಂದಿನ ಪಾಳಿ ನಂದೇ ಅಲ್ವಾ?" ಅಂದೆ. ಅವ್ನು ನಕ್ಕ. ನಂಗೂ ನಗು ಬಂತು.

ಕೆಲ್ಸನೂ ಬೇಕು, ಜೀವನೂ ಬೇಕು. ಎರಡೂ ಕೇಳೋದು ದುರಾಸೆ ಅಲ್ಲ ಅಂತ ಅವತ್ತೂ ಅನ್ಸಿತ್ತು, ಇವತ್ತೂ ಅನ್ಸುತ್ತೆ. ಅಷ್ಟೇ. ಇನ್ನು ಹೇಳಾಕೆ ನಂತಾವ ಏನೂ ಇಲ್ಲ.