ಹಸಿರು ಬಟನ್ ನುಂಗಿದ ಮೂವತ್ತೊಂದು ದಿನ

ಮೂವತ್ತೊಂದು ದಿನದ ಕೂಲಿ ಬಾಕಿ ಇದೆ. ಎದ್ದೇಳುವ ಕಟ್ಟಡಗಳಿಗೆ ಸಾರವೆ ಕಟ್ಟುವ ಹನ್ನೊಂದು ಜನರದು. ದುಡಿದವರು ಇವರು, ಬ್ಯಾಂಕಿನಲ್ಲಿ ಜಮಾ ಆದದ್ದು ಇವರ ಹೆಸರಿಗೇ, ಗುತ್ತಿಗೆದಾರನ ಪುಸ್ತಕದಲ್ಲಿ ಪೂರಾ ಕೊಟ್ಟಾಗಿದೆ ಎಂದೇ ಬರೆದಿದೆ. ಆದರೆ ಖಾತೆಯಿಂದ ಕೈಗೆ ಬರುವ ದಾರಿಯಲ್ಲಿ, ಒಬ್ಬ ಆಳು ಒಂದಿಡೀ ತಿಂಗಳು ಬಿಸಿಲಲ್ಲಿ ನೇತಾಡಿ ದುಡಿದಷ್ಟು ದುಡ್ಡು ಕರಗಿಹೋಗಿದೆ. ಎಲ್ಲಿ ಹೋಯಿತು ಎಂದು ಕೇಳಿದರೆ ಗುತ್ತಿಗೆದಾರ ಬ್ಯಾಂಕಿನ ಕಡೆ ಕೈ ತೋರಿಸುತ್ತಾನೆ. ಬ್ಯಾಂಕು ಹೊರದೇಶದ ಎಟಿಎಂ ಕಡೆ ತೋರಿಸುತ್ತದೆ. ಎಟಿಎಂಗೆ ಬಾಯಿಲ್ಲ.

ಈ ಹನ್ನೊಂದು ಜನರ ಮುಂದಾಳನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುವುದು. ವಯಸ್ಸು ಐವತ್ತೆರಡು. ಮೈಮೇಲೆ ಹಿಡಿ ಮಾಂಸವಿಲ್ಲ, ಅಂಗೈ ಮಾತ್ರ ಮರದ ಹಲಗೆ. ಹತ್ತೊಂಬತ್ತನೇ ವಯಸ್ಸಿನಿಂದ ಕಟ್ಟಡಗಳ ಹೊರಮೈಗೆ ಕೊಳವೆ, ಹಲಗೆ, ಕ್ಲಾಂಪು ಬಿಗಿದು ಬೇರೆಯವರು ನಿಲ್ಲುವುದಕ್ಕೆ ಜಾಗ ಮಾಡಿಕೊಟ್ಟವನು. ಗಾರೆಯವನು, ಬಣ್ಣದವನು, ಗಾಜಿನವನು, ಎಲ್ಲರೂ ಇವನು ಕಟ್ಟಿದ್ದರ ಮೇಲೆ ನಿಂತು ಕೆಲಸ ಮುಗಿಸುತ್ತಾರೆ. ಕಟ್ಟಡ ಎದ್ದು ನಿಂತ ದಿನ ಮೊದಲು ಕಳಚಿ ಲಾರಿಗೆ ತುಂಬುವುದು ಇವನ ಕೆಲಸವನ್ನೇ. ಅದಕ್ಕೇ ಅವನ ಕೈಕೆಲಸ ಇಂಥದು ಎಂದು ತೋರಿಸಲು ಈ ಭೂಮಿಯ ಮೇಲೆ ಏನೂ ಉಳಿದಿಲ್ಲ.

ಆ ಕಸುಬಿನಲ್ಲಿ ಎರಡು ಕಟ್ಟಳೆಗಳಿವೆ. ಕಟ್ಟಿದ ಸಾರವೆಗೆ ಒಂದು ಚೀಟಿ ನೇತುಹಾಕಬೇಕು. ಹಸಿರು ಚೀಟಿ ಇದ್ದರೆ ಪರೀಕ್ಷೆ ಆಗಿದೆ, ಹತ್ತಬಹುದು. ಕೆಂಪು ಇದ್ದರೆ ಯಾರೂ ಕಾಲಿಡಕೂಡದು. ಚೀಟಿಯ ಮೇಲೆ ಕಟ್ಟಿಸಿದವನ ಸಹಿ ಇರಬೇಕು. ಎರಡನೆಯದು, ಸಹಿ ಹಾಕಿದವನೇ ಮೊದಲು ಹತ್ತಿ, ಆ ತುದಿಯಿಂದ ಈ ತುದಿಗೆ ನಡೆದು ತೋರಿಸಬೇಕು. ಮೂವತ್ಮೂರು ವರ್ಷದಲ್ಲಿ ಮೇಸ್ತ್ರಿ ಸಹಿ ಹಾಕಿದ ಸಾರವೆಯಿಂದ ಒಬ್ಬನೇ ಒಬ್ಬ ಬಿದ್ದಿಲ್ಲ.

ಸವೆದದ್ದು ಅವನ ಬಲ ಮೊಣಕಾಲು. ಏಣಿ ಇಳಿಯುವಾಗ ಒಳಗೆ ಮರಳು ಅರೆದ ಹಾಗೆ ಸದ್ದು. ಡಾಕ್ಟರು ನೇರವಾಗಿಯೇ ಹೇಳಿದ್ದರು: ಆಪರೇಷನ್ ಮಾಡಿಸು, ಇಲ್ಲವೇ ಏಣಿ ಮರೆತುಬಿಡು. ಅದಕ್ಕೆ ಬೇಕಾದದ್ದು ನಲವತ್ತು ದಿನದ ಕೂಲಿ. ಒಟ್ಟಿಗೆ, ಮುಂಗಡವಾಗಿ. ಊಟ, ಬಾಡಿಗೆ, ಮಗಳ ಫೀಸು ಕಳೆದು ನಲವತ್ತು ದಿನದ ಕೂಲಿ ಒಟ್ಟು ಮಾಡುವುದು ಇಲ್ಲಿದ್ದುಕೊಂಡು ಆಗುವ ಮಾತಲ್ಲ. ಆದ್ದರಿಂದಲೇ ಅವನು ಹೊರದೇಶದ ಆರು ತಿಂಗಳ ಕೆಲಸ ಹಿಡಿದ. ಕಾಲನ್ನು ಉಳಿಸಿಕೊಳ್ಳಲು ಅದೇ ಕಾಲಿನ ಮೇಲೆ ಆರು ತಿಂಗಳು ಕುಂಟಿದ.

ಗುತ್ತಿಗೆದಾರನ ಕರಾರು ನೋಡಿ. ಕೆಲಸ ಅಲ್ಲಿ, ಸಂಬಳ ಇಲ್ಲಿನ ಬ್ಯಾಂಕಿಗೆ, ಇಲ್ಲಿನ ದುಡ್ಡಿನಲ್ಲಿ. “ನಿಮ್ಮ ಹೆಂಡ್ತಿ ಮಕ್ಕಳಿಗೆ ಅನುಕೂಲ ಆಗ್ಲಿ ಅಂತ” ಎಂದನಂತೆ. ಅನುಕೂಲ ಎಂಬ ಮಾತು ಕೇಳಿದಾಗೆಲ್ಲ ನಾನು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಅಲ್ಲಿ ಅಕ್ಕಿ, ಸೋಪು, ಬಸ್ಸಿಗೆ ಅಲ್ಲಿನ ದುಡ್ಡೇ ಬೇಕು. ಅದನ್ನು ಈ ಕಾರ್ಡು ಹಾಕಿ ಆ ದೇಶದ ಎಟಿಎಂನಿಂದಲೇ ತೆಗೆಯಬೇಕು. ದುಡ್ಡು ಬದಲಾಯಿಸುವ ಖರ್ಚು ಗುತ್ತಿಗೆದಾರನ ತಲೆಯಿಂದ ಜಾರಿ ಕೂಲಿಯವನ ತಲೆಗೆ ಬಿತ್ತು.

ಅಲ್ಲಿ ಇರುವುದಕ್ಕೆ ತಗಡಿನ ಒಂದು ಕೋಣೆ. ಹನ್ನೊಂದು ಮಂಚ, ಒಂದು ಒಲೆ, ಕಿಟಕಿಯ ಸರಳಿಗೆ ಒಣಹಾಕಿದ ಕಾಲುಚೀಲಗಳು. ಮೊದಲ ತಿಂಗಳು ಮುಗಿದ ದಿನ, ಮೇಸ್ತ್ರಿಯ ಹೆಂಡತಿಯ ತಮ್ಮ (ಅವನೂ ಆ ಹನ್ನೊಂದರಲ್ಲಿ ಒಬ್ಬ, ಬಾಯಿಗೆ ಬೀಗವಿಲ್ಲದವನು) ಫೋನು ಹಿಡಿದುಕೊಂಡು ಮಂಚದ ಮೇಲೆ ಎದ್ದು ಕೂತ.

“ಭಾವ, ಸೋಪು ತಗೊಳ್ಳೋಕೆ ಅಂತ ದುಡ್ಡು ತೆಗೆದೆ. ಸೋಪಿಗಿಂತ ಚೆನ್ನಾಗಿ ಬ್ಯಾಂಕಿನೋರೇ ತೊಳೆದ್ರು.”

“ಎಷ್ಟು ಹಿಡ್ಕೊಂಡ್ರು?”

“ಅರ್ಧ ದಿನದ ಕೂಲಿ. ಸ್ವಲ್ಪ ತೆಗೆದ್ರೂ ಅಷ್ಟೇ, ಜಾಸ್ತಿ ತೆಗೆದ್ರೂ ಅಷ್ಟೇ. ಒಂದ್ಸಲ ಕಾರ್ಡು ತೂರಿಸಿದ್ರೆ ಅರ್ಧ ದಿನ ಢಮಾರ್.”

ಎಲ್ಲರೂ ಫೋನು ತೆಗೆದರು. ಹನ್ನೊಂದು ಜನ ತಲಾ ನಾಲ್ಕು ಸಲ ತೆಗೆದಿದ್ದರು. ಇಪ್ಪತ್ತೆರಡು ದಿನದ ಕೂಲಿ ಹೋಗಿತ್ತು. ಮೇಸ್ತ್ರಿ ತನ್ನ ಫೋನು ಕೆಳಗಿಟ್ಟ.

“ಒಂದು ಗೋಡೆಗೆ ಹನ್ನೊಂದು ಏಣಿ ಯಾಕ್ರೋ ಇಡ್ತೀರಾ? ಒಂದೇ ಏಣಿ ಇಡೋಣ.”

ಉಪಾಯ ಸರಳ. ಎಲ್ಲರ ಖಾತೆಯೂ ಅದೇ ಬ್ಯಾಂಕಿನದು. ಒಬ್ಬರಿಂದೊಬ್ಬರಿಗೆ ಫೋನಿನಲ್ಲಿ ದುಡ್ಡು ಕಳಿಸಿದರೆ ಪುಕ್ಕಟೆ. ಹದಿನೈದು ದಿನಕ್ಕೊಮ್ಮೆ ಹತ್ತು ಜನ ತಮಗೆ ಬೇಕಾದದ್ದನ್ನು ಮೇಸ್ತ್ರಿಯ ಖಾತೆಗೆ ಹಾಕುವುದು. ಅವನು ಒಂದೇ ಸಲ ಎಲ್ಲವನ್ನೂ ತೆಗೆದು ತಂದು ಹಂಚುವುದು. ಕಾರ್ಡಿನ ದಿನದ ಮಿತಿಯನ್ನು ಫೋನಿನಲ್ಲೇ ಏರಿಸಿಕೊಂಡ. ತಿಂಗಳಿಗೆ ಇಪ್ಪತ್ತೆರಡು ದಿನದ ಕೂಲಿ ತಿನ್ನುತ್ತಿದ್ದ ಶುಲ್ಕ ಒಂದೇ ದಿನಕ್ಕೆ ಇಳಿಯಿತು. ಓದಿದವರು ಸೂಟು ಹಾಕಿಕೊಂಡು ಭಾಷಣ ಮಾಡುವ ವಿದ್ಯೆಯನ್ನು ಇವನು ಬನಿಯನ್ನಿನಲ್ಲಿ ಕೂತು ಮಾಡಿ ಮುಗಿಸಿದ್ದ.

ಆದರೆ ಎಟಿಎಂ ಇನ್ನೊಂದು ಬಲೆ ಹಾಕಿ ಕೂತಿತ್ತು.

ಬಸ್ ನಿಲ್ದಾಣದ ಪಕ್ಕದ ದಿನಸಿ ಅಂಗಡಿಯ ಮೂಲೆಯಲ್ಲಿ ಅದು. ಕಾರ್ಡು ಹಾಕಿ ಮೊತ್ತ ಒತ್ತಿದ ಮೇಲೆ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು. ದಪ್ಪ ಅಂಕಿಗಳಲ್ಲಿ ನಮ್ಮ ದೇಶದ ದುಡ್ಡಿನ ಲೆಕ್ಕ, ಅದರ ಕೆಳಗೆ ಅಂಗೈಯಗಲದ ಹಸಿರು ಬಟನ್: ಒಪ್ಪಿದೆ. ಮೂಲೆಯಲ್ಲಿ ಬೂದು ಬಣ್ಣದ ಸಣ್ಣ ಅಕ್ಷರ: ಬೇಡ. ಮೂವತ್ಮೂರು ವರ್ಷ ಹಸಿರು ಕಂಡಾಗ ಹತ್ತಿದವನು, ಕೆಂಪು ಕಂಡಾಗ ನಿಂತವನು, ಇಲ್ಲಿ ಇನ್ನೇನು ಮಾಡಿಯಾನು? ಹಸಿರು ಎಂದರೆ ಯಾರೋ ಪರೀಕ್ಷೆ ಮಾಡಿ ಸಹಿ ಹಾಕಿದ್ದಾರೆ ಎಂದೇ ಅವನ ಕೈಗೆ ಗೊತ್ತಿದ್ದದ್ದು. ಒತ್ತಿದ. ಐದು ತಿಂಗಳು, ಹತ್ತು ಸಲ ಒತ್ತಿದ. ಎಟಿಎಂನಿಂದ ಬಂದ ಹತ್ತು ರಸೀದಿ ಚೀಟಿಗಳನ್ನೂ ಸಾರವೆಯ ಚೀಟಿ ಕಟ್ಟುವ ತಂತಿಗೇ ಪೋಣಿಸಿ ಇಟ್ಟುಕೊಂಡ.

ಹತ್ತನೆಯ ಸಲ ಹಿಂದಿನಿಂದ ಒಂದು ದನಿ ಬಂತು. ಆ ಅಂಗಡಿಯಲ್ಲಿ ನೆಲ ಒರೆಸುವ ಹೆಂಗಸು. ನಮ್ಮ ಮಾತಿನವಳೇ, ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದವಳು.

“ಅಯ್ಯೋ ಅಣ್ಣ, ಹಸಿರು ಒತ್ತಿಬಿಟ್ರಲ್ಲ!”

“ಮತ್ತೆ? ಹಸಿರು ಅಂದ್ರೆ ಸರಿ ತಾನೇ?”

“ಸರಿ, ಅವರಿಗೆ. ನಿಮ್ಮ ದೇಶದ ದುಡ್ಡಲ್ಲೇ ಲೆಕ್ಕ ಹಾಕಿಬಿಡ್ಲಾ ಅಂತ ಅದು ಕೇಳೋದು. ಹೂಂ ಅಂದ್ರೋ, ಅವರು ಬಾಯಿಗೆ ಬಂದ ರೇಟು ಹಾಕ್ತಾರೆ. ಬೇಡ, ಈ ದೇಶದ ಲೆಕ್ಕದಲ್ಲೇ ಕೊಡು ಅನ್ನಬೇಕು. ಆಗ ರೇಟು ಹಾಕೋದು ನಮ್ಮ ಬ್ಯಾಂಕು. ಅದೇನು ಸತ್ಯವಂತ ಅಲ್ಲ, ಆದ್ರೂ ಇಷ್ಟು ಹೊಡೆಯಲ್ಲ.”

“ಬೇಡ ಅಂದ್ರೆ ದುಡ್ಡೇ ಬರಲ್ವೇನೋ ಅಂದ್ಕೊಂಡಿದ್ದೆ ತಾಯಿ.”

“ಹಾಗೆ ಅಂದ್ಕೊಳ್ಳಲಿ ಅಂತಾನೇ ಹಾಗೆ ಬರೆದಿರೋದು. ಬೇಡ ಅಂದ್ರೂ ನೋಟು ಅಷ್ಟೇ ಬರುತ್ತೆ. ಎಷ್ಟು ಸಲ ಒತ್ತಿದ್ರಿ?”

ಮೇಸ್ತ್ರಿ ತಂತಿಯನ್ನು ಮುಂದೆ ಹಿಡಿದ. ಅವಳು ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಫೋನಿನಲ್ಲಿ ಆಯಾ ದಿನದ ರೇಟು ತೆಗೆದು ಒಂದೊಂದೇ ಚೀಟಿಯ ಜತೆ ತಾಳೆ ನೋಡಿದಳು. ನೂರಕ್ಕೆ ಏಳು ಹೆಚ್ಚಿಗೆ ಕಿತ್ತಿದ್ದರು. ಹತ್ತು ಚೀಟಿಗೂ ಅದೇ. ಹನ್ನೊಂದು ಜನರದ್ದು ಸೇರಿಸಿದರೆ ಮೂವತ್ತೊಂದು ದಿನದ ಕೂಲಿ.

“ನಾನೂ ಎರಡು ವರ್ಷ ಒತ್ತಿದೀನಿ. ಅಳಬೇಡಿ ಅಣ್ಣ.”

“ಅಳ್ತಾ ಇಲ್ಲ. ಹತ್ತು ಜನಕ್ಕೆ ಎಷ್ಟೆಷ್ಟು ಕೊಡಬೇಕು ಅಂತ ನೋಡ್ತಾ ಇದೀನಿ.”

ಊರಿಗೆ ಬಂದಾಗ ಮೇಸ್ತ್ರಿಯ ಕೈಯಲ್ಲಿ ನಲವತ್ತೆರಡು ದಿನದ ಕೂಲಿಯಿತ್ತು. ಆಪರೇಷನ್ನಿಗೆ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಯೂ ಆಗಿತ್ತು. ಮನೆಯೆಂದರೆ ಎರಡು ಕೋಣೆ. ಹೆಂಡತಿ ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವ ಲಾಂಡ್ರಿಯಲ್ಲಿ ಕೆಲಸಕ್ಕಿರುವವಳು, ಮೊಣಕೈತನಕ ಸುಟ್ಟ ಕಲೆಗಳು. ಅವನು ನೆಲದ ಮೇಲೆ ಹತ್ತು ಲಕೋಟೆ ಹರವಿ ಕೂತದ್ದನ್ನು ಕಂಡು ಬಾಗಿಲಲ್ಲೇ ನಿಂತಳು.

“ಏನ್ರೀ ಇದು? ಯಾರ ಮದುವೆಗೆ ಮುಯ್ಯಿ?”

“ಅವರ ದುಡ್ಡು. ನಾನು ಒತ್ತಿ ಕಳೆದದ್ದು.”

“ನೀವು ಐದು ತಿಂಗಳು ಅವರಿಗೆ ನೂರು ದಿನದ ಕೂಲಿ ಉಳಿಸಿಕೊಟ್ರಲ್ಲ, ಅದು?”

“ಉಳಿಸಿದ್ದಕ್ಕೆ ಬಾಡಿಗೆ ಕೇಳೋಕಾಗುತ್ತಾ? ಏಣಿ ಇಟ್ಟೋನು ನಾನು. ಹಸಿರು ಅಂತ ಹತ್ತಿಸಿದೋನೂ ನಾನೇ.”

“ಹಾಗಾದ್ರೆ ಮೊಣಕಾಲು ಯಾರದ್ರೀ? ಅದನ್ನ ಆ ಎಟಿಎಂ ಬಂದು ಮಡಚಿ ಕೊಡುತ್ತಾ?”

ಅವನು ಲಕೋಟೆಗಳ ಬಾಯಿ ಅಂಟಿಸಿದ. ಮೂವರು ಲಕೋಟೆ ವಾಪಸ್ ಮಾಡಿದರು. ಅವರಲ್ಲೊಬ್ಬನಾದ ಹೆಂಡತಿಯ ತಮ್ಮ ಅದನ್ನು ಅವನ ಮುಖದ ಮೇಲೇ ಎಸೆದು, “ಭಾವ, ಇನ್ನೊಂದ್ಸಲ ಇಂಥ ಮರ್ಯಾದೆ ಮಾಡಿದ್ರೆ ನಿಮ್ಮ ಮನೆ ಹೊಸ್ತಿಲು ತುಳಿಯಲ್ಲ” ಎಂದ. ಉಳಿದ ಏಳು ಜನ ತೆಗೆದುಕೊಂಡರು. ಅವರನ್ನು ನಾನು ಬಯ್ಯುವುದಿಲ್ಲ. ಅವರ ಮನೆಯಲ್ಲೂ ಬಾಡಿಗೆ ಕೇಳುವವನು ಬಾಗಿಲು ಬಡಿಯುತ್ತಾನೆ. ಆದರೆ ಇಪ್ಪತ್ತು ದಿನದ ಕೂಲಿ ಹೋಯಿತು, ಇಪ್ಪತ್ತೆರಡು ಉಳಿಯಿತು, ಆಸ್ಪತ್ರೆಯ ದಿನ ತಪ್ಪಿತು. ಕೂಲಿಯವನು ಕೂಲಿಯವನ ಸಾಲ ತೀರಿಸಿದ. ಕದ್ದವರು ಹಾಯಾಗಿದ್ದಾರೆ.

ಹತ್ತು ಚೀಟಿಯ ತಂತಿ ಹಿಡಿದು ಅವನು ನಮ್ಮ ಕಟ್ಟಡ ಕೂಲಿಗಾರರ ಸಂಘದ ಕಚೇರಿಗೆ ಬಂದದ್ದು ಆಮೇಲೆ. ಅವನ ಜತೆ ನಾವು ನಾಲ್ವರು ಬ್ಯಾಂಕಿಗೆ ಹೋದೆವು. ಮ್ಯಾನೇಜರಿನ ಕೋಣೆ ತಣ್ಣಗಿತ್ತು, ಮಾತು ಇನ್ನೂ ತಣ್ಣಗಿತ್ತು.

“ನೋಡಿ ಯಜಮಾನ್ರೇ, ನೀವೇ ಒಪ್ಪಿಗೆ ಒತ್ತಿದೀರಿ. ಆ ಏಳು ನಮ್ಮದಲ್ಲ, ಅಲ್ಲಿನ ಎಟಿಎಂನೋರದು. ಅಲ್ಲಿ ಹೋಗಿ ಕೇಳಿ.”

“ಸ್ವಾಮಿ, ಒಂದು ತುದಿ ಕಟ್ಟದ ಹಲಗೆ ಇಟ್ಟು, ಹಸಿರು ಚೀಟಿ ಹಾಕಿ, ನೀನೇ ಕಾಲಿಟ್ಟೆ ಅಂದ್ರೆ ನಮ್ಮ ಕಸುಬಲ್ಲಿ ಜೈಲಿಗೆ ಹಾಕ್ತಾರೆ.”

“ಅದು ಬೇರೆ ದೇಶದ ವ್ಯವಹಾರ. ನಮ್ಮ ಬ್ಯಾಂಕಲ್ಲಿ ಅಂಥದ್ದೆಲ್ಲ ಇಲ್ಲ.”

ಮೇಸ್ತ್ರಿ ಗಾಜಿನ ಗೋಡೆಯಾಚೆ ನೋಡುತ್ತಿದ್ದ. ಹೊರಗೆ ಅದೇ ಬ್ಯಾಂಕಿನ ಎಟಿಎಂ ಮುಂದೆ, ಬೆನ್ನಿಗೆ ಚೀಲ ಹಾಕಿದ ಹೊರದೇಶದ ಹುಡುಗಿಯೊಬ್ಬಳು ಬೆರಳು ಎತ್ತಿ ಅನುಮಾನಿಸುತ್ತ ನಿಂತಿದ್ದಳು. ಇವನು ಕುಂಟುತ್ತಲೇ ಓಡಿದ. ನಾವೂ ಹಿಂದೆ, ಮ್ಯಾನೇಜರೂ ಹಿಂದೆ. ಪರದೆಯ ಮೇಲೆ ಅವಳ ದೇಶದ ದುಡ್ಡು ದಪ್ಪ ಅಂಕಿಯಲ್ಲಿ, ಕೆಳಗೆ ಅಂಗೈಯಗಲದ ಹಸಿರು. ಮೇಸ್ತ್ರಿ ಅಡ್ಡಡ್ಡ ತಲೆಯಾಡಿಸಿ ಮೂಲೆಯ ಬೂದು ಅಕ್ಷರ ತೋರಿಸಿದ. ಅವಳು ಅದನ್ನು ಒತ್ತಿದಳು. ನೋಟು ಬಂದವು. ಫೋನಿನಲ್ಲಿ ಲೆಕ್ಕ ಹಾಕಿ ನೋಡಿದವಳು ಅವನ ಹಲಗೆಯಂಥ ಕೈ ಹಿಡಿದು ಕುಲುಕಿದಳು.

“ಇದು ಯಾವ ದೇಶದ್ದು ಸ್ವಾಮಿ?” ಎಂದ ಮೇಸ್ತ್ರಿ.

ಮ್ಯಾನೇಜರ್ ಟೈ ಸರಿಮಾಡಿಕೊಂಡರು. “ಅದು... ಗ್ರಾಹಕರ ಅನುಕೂಲಕ್ಕೆ.”

ನಾನು ಜೇಬು ಮುಟ್ಟಿ ನೋಡಿಕೊಂಡೆ.

ಮೇಸ್ತ್ರಿ ತನ್ನ ಕೈಚೀಲದಿಂದ ಒಂದು ಕೆಂಪು ಚೀಟಿ ತೆಗೆದ, ಸಾರವೆಗೆ ಹಾಕುವಂಥದ್ದೇ. ಎಟಿಎಂನ ಹಿಡಿಗೆ ತಂತಿ ಸುತ್ತಿ ಎರಡು ತಿರುಪು ಬಿಗಿದು, ಜೇಬಿನ ಪೆನ್ನಿನಿಂದ ಸಹಿ ಹಾಕಿದ. ಬಾಗಿಲ ಕಾವಲಿನವನು ಮುಜುಗರದಿಂದ ಹತ್ತಿರ ಬಂದ.

“ಅಣ್ಣ, ನಾನು ಇದನ್ನ ಕೀಳಲೇಬೇಕು. ನನ್ನ ಹೊಟ್ಟೆಪಾಡು.”

“ಕೀಳಪ್ಪ, ನಿನ್ನ ಮೇಲೆ ಬೇಜಾರಿಲ್ಲ. ನನ್ನ ಹತ್ರ ಇನ್ನೂ ಒಂದು ಕಟ್ಟು ಇದೆ.”

ಅಂದಿನಿಂದ ಪ್ರತಿ ಬುಧವಾರ ಅವನು ಕಟ್ಟುತ್ತಾನೆ, ಕಾವಲಿನವನು ಕೀಳುತ್ತಾನೆ. ನಡುವೆ ಇಬ್ಬರೂ ಚಹಾ ಕುಡಿಯುತ್ತಾರೆ.

ಈಗ ಮೇಸ್ತ್ರಿ ಕಟ್ಟಡದ ಬುಡದಲ್ಲಿ ಸ್ಟೂಲಿನ ಮೇಲೆ ಕೂತು ಕ್ಲಾಂಪುಗಳ ತುಕ್ಕು ಉಜ್ಜುತ್ತಾನೆ. ಅರ್ಧ ಕೂಲಿ. ಅರ್ಧ ಕೂಲಿಯಲ್ಲಿ ನಲವತ್ತು ದಿನದ ದುಡ್ಡು ಯಾವ ಜನ್ಮಕ್ಕೆ ಕೂಡೀತು? ಮೊದಲು ಹತ್ತಿ ನಡೆದು ತೋರಿಸಲು ಆಗದವನು ಸಾರವೆಯ ಚೀಟಿಗೆ ಸಹಿ ಹಾಕುವಂತಿಲ್ಲ, ಅದು ಅವನೇ ಹತ್ತಾರು ಹುಡುಗರಿಗೆ ಕಲಿಸಿದ ಕಟ್ಟಳೆ. ಮೂವತ್ಮೂರು ವರ್ಷ ಸಹಿ ಹಾಕಿದ ಕೈ ಇವತ್ತು ಸಹಿ ಹಾಕುವುದು ಆ ಬ್ಯಾಂಕಿನ ಕೆಂಪು ಚೀಟಿಗೆ ಮಾತ್ರ.

ನಮ್ಮ ಬೇಡಿಕೆ ಇಷ್ಟು. ಯಾವ ದೇಶದಲ್ಲಿ ದುಡಿಸುತ್ತೀರೋ ಆ ದೇಶದ ದುಡ್ಡಿನಲ್ಲಿ ಖರ್ಚಿನ ಕೂಲಿ ಅಲ್ಲೇ ಕೊಡಿ. ಮೂವತ್ತೊಂದು ದಿನದ ಕೂಲಿಯನ್ನು ಗುತ್ತಿಗೆದಾರನೂ ಬ್ಯಾಂಕೂ ಸೇರಿ ವಾಪಸ್ ಮಾಡಲಿ. ಆ ಹಸಿರು ಬಣ್ಣವನ್ನು ಆ ಪರದೆಯಿಂದ ಕಿತ್ತುಹಾಕಿ.

ಇನ್ನು ನಿಮ್ಮ ಮಾತು. ಇದನ್ನು ಓದುತ್ತಿರುವ ನೀವೂ ಎಲ್ಲೋ ಹೊರದೇಶಕ್ಕೆ ಹೋದವರು, ಅಥವಾ ಹೋದವರ ಅಣ್ಣ, ಅಕ್ಕ, ಹೆಂಡತಿ. ನಿಮ್ಮ ಹಳೆಯ ಪರ್ಸಿನಲ್ಲಿ, ಪ್ಯಾಂಟಿನ ಜೇಬಿನಲ್ಲಿ ಅಂಥ ಒಂದು ಎಟಿಎಂ ಚೀಟಿ ಮಡಚಿಕೊಂಡು ಬಿದ್ದಿದೆ. ಹುಡುಕಿ ತೆಗೆಯಿರಿ, ಆ ದಿನದ ರೇಟು ನೋಡಿ, ನಿಮ್ಮಿಂದ ಎಷ್ಟು ಕಿತ್ತರು ಎಂದು ಹಿಂಬದಿಗೆ ಬರೆಯಿರಿ. ಬರುವ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಬ್ಯಾಂಕಿನ ಬಾಗಿಲಲ್ಲಿ ಮೇಸ್ತ್ರಿ ನಿಂತಿರುತ್ತಾನೆ, ಒಂದೇ ಕಾಲಿನ ಮೇಲೆ ಭಾರ ಹಾಕಿಕೊಂಡು. ಆ ಚೀಟಿ ತೆಗೆದುಕೊಂಡು ನೀವು ಬರುತ್ತೀರೋ, ಇಲ್ಲವೋ?